ಮೆಮೊರಿಯನ್ನು ಪೆಟ್ಟಿಗೆಯ ಮೇಲಿನ ವೇಗದಲ್ಲಿ ಸುರಕ್ಷಿತವಾಗಿ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಥವಾ ಪುಣೆಯ ತಪ್ಕೀರ್ ಗಲ್ಲಿಯ ಸುತ್ತಮುತ್ತ ಬಿಡಿಭಾಗಗಳನ್ನು ಕೊಂಡು ಮನೆಗೋ ಅಂಗಡಿಗೋ ಕಂಪ್ಯೂಟರ್ ಜೋಡಿಸಿಕೊಳ್ಳುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ಮಾರುವವರು ಹಿಂದಿಯಲ್ಲೋ ಮರಾಠಿಯಲ್ಲೋ ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುವ, ಕೊಂಡವರು ಮನೆಗೆ ಬಂದ ಮೇಲೆ ಗೊಂದಲಕ್ಕೆ ಬೀಳುವ ಸಂಗತಿಗಳಲ್ಲಿ ಮೆಮೊರಿಯ (RAM) ವೇಗವೂ ಒಂದು. ಮಾಟುಂಗ, ಡೊಂಬಿವಲಿ, ಪುಣೆ, ಮಡಗಾಂವ್‌ಗಳ ನಮ್ಮವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟು ಉತ್ತರಿಸಲಾಗಿದೆ. ಪೆಟ್ಟಿಗೆಯ ಮೇಲೆ ಬರೆದ ವೇಗವನ್ನು ಧಾರಾಳವಾಗಿ ಬಳಸಿಕೊಳ್ಳಿ, ಆದರೆ ಪರೀಕ್ಷಿಸದೆ ಆ ವೇಗದಲ್ಲಿ ನಿಮ್ಮ ಕೆಲಸವನ್ನು ಆರಂಭಿಸಬೇಡಿ ಎಂಬುದು ಕೆಳಗಿನ ಎಲ್ಲ ಉತ್ತರಗಳ ಹಿಂದಿರುವ ನಿಲುವು.

ನಾನು ಕೊಂಡದ್ದು 3600ರ ಮೆಮೊರಿ; ಕಂಪ್ಯೂಟರ್ 2666 ಎಂದು ತೋರಿಸುತ್ತಿದೆ. ಅಂಗಡಿಯವರು ಮೋಸ ಮಾಡಿದರೇ?

ಹೆಚ್ಚಿನ ಸಂದರ್ಭಗಳಲ್ಲಿ ಇದು ಮೋಸವಲ್ಲ. ಪ್ರತಿಯೊಂದು ಮೆಮೊರಿ ಪಟ್ಟಿಯ, ಎಂದರೆ ಸ್ಟಿಕ್ಕಿನ, ಮೇಲೂ ಎಸ್‌ಪಿಡಿ ಎಂಬ ಒಂದು ಸಣ್ಣ ಚಿಪ್ ಇರುತ್ತದೆ; ಆ ಸ್ಟಿಕ್ ಯಾವ ವೇಗದಲ್ಲಿ, ಯಾವ ಟೈಮಿಂಗ್‌ಗಳಲ್ಲಿ (ಒಳಗಿನ ಕೆಲಸಗಳ ನಡುವೆ ಕಾಯುವ ಅವಧಿಗಳಲ್ಲಿ), ಎಷ್ಟು ವೋಲ್ಟೇಜಿನಲ್ಲಿ ಓಡಬಲ್ಲದು ಎಂಬ ವಿವರವನ್ನು ತಯಾರಕರು ಅದರಲ್ಲಿ ಬರೆದಿಟ್ಟಿರುತ್ತಾರೆ. ಕಂಪ್ಯೂಟರ್ ಚಾಲೂ ಆದಾಗ ಮದರ್‌ಬೋರ್ಡ್ ಈ ಚಿಪ್ಪನ್ನು ಓದಿ, ಜೆಡೆಕ್ ಎಂಬ ಮಾನಕ ಸಂಸ್ಥೆ ಗೊತ್ತುಪಡಿಸಿದ ವೇಗಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತದೆ. 3600 ಎಂದು ಮಾರುವ ಡಿಡಿಆರ್4 (ಹಿಂದಿನ ತಲೆಮಾರಿನ) ಮೆಮೊರಿಯಲ್ಲಿ ಈ ಮಾನಕ ವೇಗ ಸಾಮಾನ್ಯವಾಗಿ 2133, 2400 ಅಥವಾ 2666 ಆಗಿರುತ್ತದೆ. 6000 ಎಂದು ಮಾರುವ ಡಿಡಿಆರ್5 (ಅದರ ನಂತರದ ತಲೆಮಾರಿನ) ಮೆಮೊರಿ ಬಹುಮಟ್ಟಿಗೆ 4800ರಲ್ಲಿ ಎದ್ದು ನಿಲ್ಲುತ್ತದೆ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ಅದೇ ಚಿಪ್ಪಿನಲ್ಲಿ ಬೇರೊಂದು ಪ್ರೊಫೈಲ್ (ವೇಗ, ಟೈಮಿಂಗ್, ವೋಲ್ಟೇಜುಗಳ ಸಿದ್ಧ ಗುಚ್ಛ) ಆಗಿ ಕುಳಿತಿರುತ್ತದೆ, ಅದನ್ನು ನೀವೇ ಬಯೋಸ್‌ಗೆ, ಎಂದರೆ ಮದರ್‌ಬೋರ್ಡಿನ ಮೂಲ ತಂತ್ರಾಂಶಕ್ಕೆ, ಹೋಗಿ ಆರಿಸಬೇಕು. ಕಂಪ್ಯೂಟರ್ ಜೋಡಿಸಿಕೊಟ್ಟವರು ಈ ಕೆಲಸವನ್ನು ಮಾಡದೆ ಬಿಡುವುದು ತೀರ ಸಾಮಾನ್ಯವಾದ್ದರಿಂದ ವರ್ಷಗಟ್ಟಲೆ ಕೆಳವೇಗದಲ್ಲೇ ಓಡುತ್ತಿರುವ ಯಂತ್ರಗಳು ಅನೇಕ.

ಟಾಸ್ಕ್ ಮ್ಯಾನೇಜರ್ 3200 ಎನ್ನುತ್ತದೆ, ಸಿಪಿಯು-ಝಡ್ 1600 ಎನ್ನುತ್ತದೆ. ಯಾವುದು ಸರಿ?

ಎರಡೂ ಸರಿ. ಡಿಡಿಆರ್ ಮೆಮೊರಿ ಗಡಿಯಾರದ ಒಂದು ಬಡಿತದಲ್ಲಿ ಎರಡು ಬಾರಿ ದತ್ತಾಂಶವನ್ನು ರವಾನಿಸುತ್ತದೆ. ಸಿಪಿಯು-ಝಡ್ ಎಂಬ ತಂತ್ರಾಂಶ ತೋರಿಸುವುದು ಗಡಿಯಾರದ ಆವರ್ತನವನ್ನು, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೋರಿಸುವುದು ರವಾನೆಗಳ ಸಂಖ್ಯೆಯನ್ನು. ಸಿಪಿಯು-ಝಡ್‌ನ ಅಂಕಿಯನ್ನು ಎರಡರಿಂದ ಗುಣಿಸಿಕೊಂಡರೆ ಪೆಟ್ಟಿಗೆಯ ಅಂಕಿ ಸಿಗುತ್ತದೆ.

ಎಕ್ಸ್‌ಎಂಪಿ, ಎಕ್ಸ್‌ಪೋ, ಡಿಒಸಿಪಿ ಎಂದು ಬಗೆಬಗೆಯ ಹೆಸರುಗಳನ್ನು ಕೇಳಿದ್ದೇನೆ. ಇವು ಬೇರೆ ಬೇರೆಯೇ?

ಉದ್ದೇಶ ಒಂದೇ: ಮೇಲೆ ಹೇಳಿದ ಪ್ರೊಫೈಲ್‌ಗಳಿಗೆ ಇರುವ ಬೇರೆ ಬೇರೆ ಹೆಸರುಗಳು ಇವು. ಎಕ್ಸ್‌ಎಂಪಿ ಇಂಟೆಲ್‌ನದು, ಡಿಡಿಆರ್3ರ ಕಾಲದಲ್ಲಿ, 2007ರಲ್ಲಿ ಬಂದಿತು. ಎಕ್ಸ್‌ಪೋ ಎಎಂಡಿಯದು; ರೈಝೆನ್ 7000 ಸರಣಿಯ ಪ್ರೊಸೆಸರ್‌ಗಳ ಜೊತೆಗೆ 2022ರಲ್ಲಿ, ಡಿಡಿಆರ್5ಕ್ಕೆಂದೇ ಬಂದಿತು. ಅದಕ್ಕೆ ಮೊದಲು ಎಎಂಡಿ ಬೋರ್ಡ್‌ಗಳು ಇಂಟೆಲ್‌ನ ಎಕ್ಸ್‌ಎಂಪಿ ವಿವರವನ್ನೇ ಓದಿಕೊಂಡು ತಮ್ಮ ತಮ್ಮ ಹೆಸರಿನಲ್ಲಿ ತೋರಿಸುತ್ತಿದ್ದವು: ಏಸಸ್‌ನಲ್ಲಿ ಡಿಒಸಿಪಿ, ಎಂಎಸ್‌ಐನಲ್ಲಿ ಎ-ಎಕ್ಸ್‌ಎಂಪಿ. ಡಿಡಿಆರ್5ರ ಎಕ್ಸ್‌ಎಂಪಿ 3.0ರಲ್ಲಿ ಐದು ಪ್ರೊಫೈಲ್‌ಗಳಿಗೆ ಜಾಗವಿದ್ದು, ಮೂರನ್ನು ತಯಾರಕರು ತುಂಬುತ್ತಾರೆ, ಎರಡನ್ನು ನೀವೇ ಬರೆದುಕೊಳ್ಳಬಹುದು. ಎಎಂಡಿ ಯಂತ್ರಕ್ಕೆ ಡಿಡಿಆರ್5 ಕೊಳ್ಳುವುದಾದರೆ ಎಕ್ಸ್‌ಪೋ ಇರುವುದನ್ನೇ ಕೇಳಿ ಕೊಳ್ಳಿ. ಎಕ್ಸ್‌ಎಂಪಿ ಮಾತ್ರ ಇರುವುದೂ ಬಹಳಷ್ಟು ಬೋರ್ಡ್‌ಗಳಲ್ಲಿ ಓಡುತ್ತದೆ, ಆದರೆ ಅದರ ಟೈಮಿಂಗ್‌ಗಳನ್ನು ಎಎಂಡಿ ಪ್ರೊಸೆಸರ್‌ಗಾಗಿ ಹೊಂದಿಸಿರುವುದಿಲ್ಲ.

ತಯಾರಕರೇ ಮುದ್ರಿಸಿದ ವೇಗವಾದ್ದರಿಂದ ಅದು ಖಂಡಿತವಾಗಿ ಸುರಕ್ಷಿತವಲ್ಲವೇ? ಇದನ್ನೂ ಓವರ್‌ಕ್ಲಾಕ್ ಎಂದು ಏಕೆ ಕರೆಯುತ್ತಾರೆ?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಓವರ್‌ಕ್ಲಾಕ್ ಎಂದರೆ ಅಧಿಕೃತ ಮಿತಿಗಿಂತ ಮೇಲಿನ ವೇಗದಲ್ಲಿ ಓಡಿಸುವುದು. ಮೆಮೊರಿಯ ವೇಗವನ್ನು ನಿರ್ಧರಿಸುವವರು ಮೂವರು: ಸ್ಟಿಕ್ಕಿನ ಮೇಲಿನ ಚಿಪ್‌ಗಳು, ಪ್ರೊಸೆಸರಿನ ಒಳಗಿದ್ದು ಮೆಮೊರಿಯನ್ನು ನಡೆಸುವ ಮೆಮೊರಿ ಕಂಟ್ರೋಲರ್, ಮತ್ತು ಇವೆರಡರ ನಡುವೆ ಸಂಕೇತಗಳನ್ನು ಒಯ್ಯುವ ಮದರ್‌ಬೋರ್ಡಿನ ತಾಮ್ರದ ಗೆರೆಗಳು. ಪೆಟ್ಟಿಗೆಯ ಮೇಲಿನ ಅಂಕಿ ಈ ಮೂವರಲ್ಲಿ ಮೊದಲನೆಯವರ ಮಾತು ಮಾತ್ರ. ಸ್ಟಿಕ್ ತಯಾರಿಸಿದ ಕಂಪನಿ ತನ್ನ ಸರಕನ್ನು ಆ ವೇಗದಲ್ಲಿ ಪರೀಕ್ಷಿಸಿರುತ್ತದೆ, ಆದರೆ ನಿಮ್ಮ ಪ್ರೊಸೆಸರಿನ ಜೊತೆಗೆ, ನಿಮ್ಮ ಬೋರ್ಡಿನ ಮೇಲೆ ಅದನ್ನು ಪರೀಕ್ಷಿಸಿರುವುದಿಲ್ಲ.

ಪ್ರೊಸೆಸರ್ ತಯಾರಕರು ತಮ್ಮ ಕಂಟ್ರೋಲರ್ ಎಲ್ಲಿಯವರೆಗೆ ಓಡುತ್ತದೆಂದು ಭರವಸೆ ಕೊಡುವರೋ ಆ ಅಂಕಿ ಸಾಮಾನ್ಯವಾಗಿ ಮೆಮೊರಿ ಪೆಟ್ಟಿಗೆಯ ಅಂಕಿಗಿಂತ ಕೆಳಗಿರುತ್ತದೆ. ರೈಝೆನ್ 3000 (ಜಿ ಮಾದರಿಗಳನ್ನು ಬಿಟ್ಟು) ಮತ್ತು 5000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಅಧಿಕೃತ ಮಿತಿ ಡಿಡಿಆರ್4ರ 3200. ಎರಡು ಸ್ಟಿಕ್ ಹಾಕಿದ ರೈಝೆನ್ 7000ಕ್ಕೆ ಅದು ಡಿಡಿಆರ್5ರ 5200. ಇಂಟೆಲ್‌ನ 12ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಗೆ ಡಿಡಿಆರ್4ರಲ್ಲಿ 3200, ಡಿಡಿಆರ್5ರಲ್ಲಿ 4800. ಹೀಗಿರುವಾಗ ರೈಝೆನ್ 7000ದ ಜೊತೆ 6000ದ ಮೆಮೊರಿಯನ್ನು ಅದರ ಪ್ರೊಫೈಲಿನಲ್ಲಿ ಓಡಿಸಿದರೆ, ಸ್ಟಿಕ್ ತನ್ನ ಮಿತಿಯೊಳಗೇ ಇದ್ದರೂ, ಪ್ರೊಸೆಸರ್ ತನ್ನ ಅಧಿಕೃತ ಮಿತಿಯ ಆಚೆಗೆ ದುಡಿಯುತ್ತಿರುತ್ತದೆ. ಅದಕ್ಕಾಗಿಯೇ ಇಂಟೆಲ್ ಮತ್ತು ಎಎಂಡಿ ಎರಡೂ ಈ ಪ್ರೊಫೈಲ್‌ಗಳನ್ನು ಓವರ್‌ಕ್ಲಾಕ್ ಎಂದೇ ಪರಿಗಣಿಸುತ್ತವೆ, ಮತ್ತು ಅದರಿಂದ ಪ್ರೊಸೆಸರಿಗೆ ಆದ ಹಾನಿಗೆ ವಾರಂಟಿ ಸಿಗದೆ ಹೋಗಬಹುದೆಂದು ತಮ್ಮ ಷರತ್ತುಗಳಲ್ಲಿ ಎಚ್ಚರಿಸುತ್ತವೆ.

ಇದರಿಂದ ಹೆದರಬೇಕಾಗಿಲ್ಲ. ಮಿತವಾದ ಪ್ರೊಫೈಲ್‌ಗಳು, ಎಂದರೆ ಡಿಡಿಆರ್4ರಲ್ಲಿ 3200ರಿಂದ 3600, ಡಿಡಿಆರ್5ರಲ್ಲಿ 5600ರಿಂದ 6000, ಎರಡು ಸ್ಟಿಕ್‌ಗಳ ಜೋಡಿಯಲ್ಲಿ ಬಹುತೇಕ ಈಚಿನ ಯಂತ್ರಗಳಲ್ಲಿ ತೊಂದರೆಯಿಲ್ಲದೆ ಓಡುತ್ತವೆ. ಆದರೆ ಬಹುತೇಕ ಯಂತ್ರಗಳಲ್ಲಿ ಓಡುತ್ತದೆ ಎನ್ನುವುದಕ್ಕೂ ನಿಮ್ಮ ಯಂತ್ರದಲ್ಲಿ ಓಡುತ್ತಿದೆ ಎನ್ನುವುದಕ್ಕೂ ನಡುವೆ ಒಂದು ರಾತ್ರಿಯ ಪರೀಕ್ಷೆ ಇದೆ, ಮತ್ತು ಅದನ್ನು ನಿಮ್ಮ ಪರವಾಗಿ ಬೇರೆ ಯಾರೂ ಮಾಡಿರುವುದಿಲ್ಲ.

ವೋಲ್ಟೇಜ್ ಹೆಚ್ಚಿದರೆ ಮೆಮೊರಿ ಸುಟ್ಟುಹೋಗುವುದಿಲ್ಲವೇ?

ಪ್ರೊಫೈಲಿನಲ್ಲಿ ಬರೆದ ವೋಲ್ಟೇಜಿಗೆ ಸ್ಟಿಕ್ ಸುಡುವುದಿಲ್ಲ. ಡಿಡಿಆರ್4ರ ಮಾನಕ ವೋಲ್ಟೇಜ್ 1.2, ಅದರ ಎಕ್ಸ್‌ಎಂಪಿ ಪ್ರೊಫೈಲ್‌ಗಳಲ್ಲಿ 1.35 ಸಾಮಾನ್ಯ. ಡಿಡಿಆರ್5ರ ಮಾನಕ ವೋಲ್ಟೇಜ್ 1.1, ಪ್ರೊಫೈಲ್‌ಗಳಲ್ಲಿ 1.25ರಿಂದ 1.4ರವರೆಗೆ ಕಾಣಸಿಗುತ್ತದೆ. ಇಷ್ಟಕ್ಕೆ ನಿಂತರೆ ಚಿಂತೆಯಿಲ್ಲ. ಇದಕ್ಕಿಂತ ಮೇಲಿನ ಅಂಕಿಗಳನ್ನು ಕೈಯಾರೆ ಬರೆಯುವುದು ಈ ಪುಟದ ವಿಷಯವಲ್ಲ, ನಾವು ಅದನ್ನು ಶಿಫಾರಸು ಮಾಡುವುದೂ ಇಲ್ಲ.

ಗಮನವಿಡಬೇಕಾದದ್ದು ಸ್ಟಿಕ್ಕಿನ ವೋಲ್ಟೇಜಿಗಿಂತ ಹೆಚ್ಚಾಗಿ ಪ್ರೊಸೆಸರಿನ ಒಳಗಿನ ಮೆಮೊರಿ ಕಂಟ್ರೋಲರಿಗೆ ಬೋರ್ಡ್ ತಾನಾಗಿಯೇ ಏರಿಸಿ ಕೊಡುವ ವೋಲ್ಟೇಜಿನ ಮೇಲೆ. 2023ರ ಏಪ್ರಿಲ್‌ನಲ್ಲಿ ರೈಝೆನ್ 7000 ಸರಣಿಯ, ಅದರಲ್ಲೂ ಎಕ್ಸ್3ಡಿ ಮಾದರಿಗಳ ಕೆಲವು ಪ್ರೊಸೆಸರ್‌ಗಳು ಸಾಕೆಟ್ಟಿನಲ್ಲೇ ಸುಟ್ಟುಹೋದ ಸುದ್ದಿ ಹರಡಿತು. ಎಕ್ಸ್‌ಪೋವನ್ನು ಚಾಲೂ ಮಾಡಿದಾಗ ಕೆಲವು ಬೋರ್ಡ್‌ಗಳು ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರಿನಲ್ಲಿ ಕಂಟ್ರೋಲರ್ ಇರುವ ಭಾಗದ ವೋಲ್ಟೇಜನ್ನು) ಬೇಕಾದುದಕ್ಕಿಂತ ಹೆಚ್ಚಿಗೆ ಏರಿಸುತ್ತಿದ್ದುದು ಆಗ ಬೆಳಕಿಗೆ ಬಂದಿತು. ಎಎಂಡಿ ಬಯೋಸ್‌ಗೆ ಹೊಸ ಫರ್ಮ್‌ವೇರ್ ಹೊರಡಿಸಿ ಆ ವೋಲ್ಟೇಜಿಗೆ 1.3ರ ಮಿತಿ ಹಾಕಿತು. ಆದ್ದರಿಂದ ಎಎಂ5 (ರೈಝೆನ್ 7000 ಕೂರುವ ಸಾಕೆಟ್ಟಿನ) ಬೋರ್ಡ್ ಇರುವವರು, ಮುಖ್ಯವಾಗಿ ಅಂಗಡಿಯಲ್ಲಿ ಬಹಳ ಕಾಲ ಬಿದ್ದಿದ್ದ ಅಥವಾ ಬಳಸಿದ ಬೋರ್ಡನ್ನು ಕೊಂಡವರು, ಎಕ್ಸ್‌ಪೋವನ್ನು ಮುಟ್ಟುವ ಮೊದಲು ಬಯೋಸನ್ನು ಈಚಿನ ಆವೃತ್ತಿಗೆ ತರಲೇಬೇಕು. ಪ್ರೊಫೈಲನ್ನು ಚಾಲೂ ಮಾಡಿದ ಮೇಲೆ ಬಯೋಸ್‌ನಲ್ಲೇ ಎಸ್‌ಒಸಿ ವೋಲ್ಟೇಜ್ ಎಷ್ಟಿದೆಯೆಂದು ಕಣ್ಣಾರೆ ನೋಡಿ. ಇಂಟೆಲ್ ಯಂತ್ರಗಳಲ್ಲಿ ಇದಕ್ಕೆ ಸಮನಾದದ್ದು ಸಿಸ್ಟಮ್ ಏಜೆಂಟ್ ವೋಲ್ಟೇಜ್. ಪ್ರೊಫೈಲಿಗೆ ಮೊದಲಿನ ಮತ್ತು ನಂತರದ ಅಂಕಿಗಳ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ನನ್ನ ಬೋರ್ಡಿನಲ್ಲಿ ಈ ಆಯ್ಕೆಯೇ ಕಾಣುವುದಿಲ್ಲ.

ಇಂಟೆಲ್ ಬೋರ್ಡ್‌ಗಳಲ್ಲಿ ಇದು ಬೋರ್ಡಿನ ಮುಖ್ಯ ಚಿಪ್ಪಾದ ಚಿಪ್‌ಸೆಟ್ಟನ್ನು ಅವಲಂಬಿಸಿದೆ. ಎಚ್410, ಬಿ460, ಎಚ್510, ಎಚ್610 ಚಿಪ್‌ಸೆಟ್‌ಗಳಿಗೆ ಮೆಮೊರಿ ಓವರ್‌ಕ್ಲಾಕ್ ಸೌಲಭ್ಯವನ್ನು ಇಂಟೆಲ್ ಕೊಟ್ಟಿಲ್ಲ. ಅವುಗಳಲ್ಲಿ ಪ್ರೊಸೆಸರಿನ ಅಧಿಕೃತ ಮಿತಿಯೇ ಗಡಿ. 2021ರಲ್ಲಿ ಬಂದ ಬಿ560ಯಿಂದ ಮುಂದಕ್ಕೆ ಬಿ ಸರಣಿಯಲ್ಲಿ ಇದು ಸಿಗುತ್ತದೆ, ಝಡ್ ಸರಣಿಯಲ್ಲಿ ಮೊದಲಿನಿಂದಲೂ ಇದೆ. ಎಎಂಡಿಯಲ್ಲಿ ಬಿ ಮತ್ತು ಎಕ್ಸ್ ಸರಣಿಗಳಲ್ಲಿ ಇದೆ. ಅಗ್ಗದ ಎ620ಯಲ್ಲೂ ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಲಾಗದಿದ್ದರೂ ಮೆಮೊರಿ ಪ್ರೊಫೈಲನ್ನು ಬಳಸಬಹುದು. ಎಚ್610 ಬೋರ್ಡಿಗೆ 3600ರ ಮೆಮೊರಿಯನ್ನು ಹೆಚ್ಚು ಹಣ ಕೊಟ್ಟು ಕೊಳ್ಳುವುದು ದಂಡ. ಲ್ಯಾಪ್‌ಟಾಪ್‌ಗಳಲ್ಲೂ ಕಂಪನಿಗಳ ಕಚೇರಿ ಡೆಸ್ಕ್‌ಟಾಪ್‌ಗಳಲ್ಲೂ ಈ ಆಯ್ಕೆ ಸಾಮಾನ್ಯವಾಗಿ ಇರುವುದಿಲ್ಲ.

ಚಾಲೂ ಮಾಡುವ ಕ್ರಮ ಯಾವುದು?

ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಸ್ಟಿಕ್‌ಗಳು ಸರಿಯಾದ ಜಾಗದಲ್ಲಿವೆಯೇ ನೋಡಿ: ನಾಲ್ಕು ಸ್ಲಾಟ್‌ಗಳ ಬೋರ್ಡಿನಲ್ಲಿ ಎರಡು ಸ್ಟಿಕ್‌ಗಳು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಇರಬೇಕು. ಅಕ್ಕಪಕ್ಕದ ಸ್ಲಾಟ್‌ಗಳಿಗೆ ಹಾಕಿದರೆ ಎರಡು ಚಾನೆಲ್‌ಗಳಲ್ಲಿ (ಸಮಾನಾಂತರ ದಾರಿಗಳಲ್ಲಿ) ಒಟ್ಟಿಗೆ ಓಡುವ ಲಾಭವೇ ತಪ್ಪಿಹೋಗುತ್ತದೆ. ಆ ನಷ್ಟ ಪ್ರೊಫೈಲಿನಿಂದ ಸಿಗುವ ಲಾಭಕ್ಕಿಂತ ಬಹಳ ದೊಡ್ಡದು. ನಂತರ ಬಯೋಸ್ ನವೀಕರಣ. ಇದನ್ನು ಯುಪಿಎಸ್ ಇಲ್ಲದೆ ಮಾಡಬೇಡಿ. ಗುಡುಗು ಮಳೆಯ ಸಂಜೆಯಲ್ಲಂತೂ ಬೇಡವೇ ಬೇಡ, ಏಕೆಂದರೆ ನಡುವೆ ವಿದ್ಯುತ್ ಹೋದರೆ ಬೋರ್ಡೇ ನಿಷ್ಪ್ರಯೋಜಕವಾಗಬಹುದು.

ಆಮೇಲೆ ಕಂಪ್ಯೂಟರನ್ನು ಚಾಲೂ ಮಾಡುವಾಗ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಒತ್ತಿ ಬಯೋಸ್ ಒಳಗೆ ಹೋಗಿ, ಪ್ರೊಫೈಲನ್ನು ಆರಿಸಿ, ಎಫ್10 ಒತ್ತಿ ಉಳಿಸಿ ಹೊರಬನ್ನಿ. ಒಂದಕ್ಕಿಂತ ಹೆಚ್ಚು ಪ್ರೊಫೈಲ್‌ಗಳಿದ್ದರೆ ಕೆಳಗಿನ ವೇಗದ್ದರಿಂದ ಆರಂಭಿಸಿ. ಪ್ರೊಸೆಸರಿನ ಓವರ್‌ಕ್ಲಾಕ್ ಮುಂತಾದ ಬೇರೆ ಯಾವುದನ್ನೂ ಅದೇ ವೇಳೆಗೆ ಬದಲಾಯಿಸಬೇಡಿ. ತೊಂದರೆ ಬಂದರೆ ಕಾರಣ ಯಾವುದೆಂದು ತಿಳಿಯದೆ ಹೋಗುತ್ತದೆ. ರೈಝೆನ್ 7000ದಲ್ಲಿ ಮೆಮೊರಿಯ ಗಡಿಯಾರವೂ ಕಂಟ್ರೋಲರಿನ ಗಡಿಯಾರವೂ ಸಮವಾಗಿ ಓಡುತ್ತಿವೆಯೇ ಎಂಬುದನ್ನು ಬಯೋಸ್‌ನಲ್ಲಿ ನೋಡಿಕೊಳ್ಳಿ. ಬಹಳ ಮೇಲಿನ ವೇಗಗಳಲ್ಲಿ ಕಂಟ್ರೋಲರ್ ಅರ್ಧಕ್ಕೆ ಇಳಿಯುತ್ತದೆ, ಆಗ ದೊಡ್ಡ ಅಂಕಿ ಕೊಟ್ಟ ಲಾಭವನ್ನು ವಿಳಂಬ ತಿಂದುಹಾಕುತ್ತದೆ. ಇಂಟೆಲ್‌ನಲ್ಲಿ ಸಮವಾಗಿ ಓಡುವುದನ್ನು ಗೇರ್ 1, ಅರ್ಧಕ್ಕೆ ಇಳಿಯುವುದನ್ನು ಗೇರ್ 2 ಎನ್ನುತ್ತಾರೆ.

ಉಳಿಸಿ ಹೊರಬಂದ ಮೇಲೆ ಪರದೆ ಕಪ್ಪಾಗಿಯೇ ಇದೆ. ಕೆಟ್ಟುಹೋಯಿತೇ?

ಕಾಯಿರಿ. ಡಿಡಿಆರ್5 ಯಂತ್ರಗಳು ಹೊಸ ವೇಗಕ್ಕೆ ಹೋದಾಗ ಪ್ರತಿಯೊಂದು ಸಂಕೇತ ರೇಖೆಯನ್ನೂ ಹೊಂದಿಸಿಕೊಳ್ಳುವ ತರಬೇತಿಯನ್ನು ನಡೆಸುತ್ತವೆ. ಮೆಮೊರಿ ಹೆಚ್ಚಿದ್ದಷ್ಟೂ ಇದಕ್ಕೆ ಹೊತ್ತು ಹಿಡಿಯುತ್ತದೆ. ಹಲವು ನಿಮಿಷಗಳೂ ಆಗಬಹುದು. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಿ ಆರಿಸಿದರೆ ತರಬೇತಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಕಾಲು ಗಂಟೆ ಕಳೆದರೂ ಏನೂ ಬರದಿದ್ದರೆ ಮಾತ್ರ ಆರಿಸಿ, ತಂತಿಯನ್ನು ಗೋಡೆಯಿಂದ ತೆಗೆದು, ಬೋರ್ಡಿನ ಕ್ಲಿಯರ್ ಸಿಮಾಸ್ ಪಿನ್‌ಗಳನ್ನು ಕೈಪಿಡಿಯಲ್ಲಿ ಹೇಳಿದಂತೆ ಜೋಡಿಸಿ, ಅಥವಾ ಸಿಆರ್2032 ನಾಣ್ಯದಾಕಾರದ ಸೆಲ್ಲನ್ನು ಕೆಲವು ನಿಮಿಷ ಹೊರತೆಗೆದಿಡಿ. ಬಯೋಸ್ ತನ್ನ ಮೂಲ ಸ್ಥಿತಿಗೆ ಮರಳುತ್ತದೆ, ಮೆಮೊರಿ ಮಾನಕ ವೇಗದಲ್ಲಿ ಮತ್ತೆ ಏಳುತ್ತದೆ. ಡಿಸ್ಕಿನಲ್ಲಿರುವ ಕಡತಗಳಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ವಿಂಡೋಸ್ ಡಿಸ್ಕನ್ನು ಬಿಟ್‌ಲಾಕರ್‌ನಿಂದ ಗೂಢಲಿಪಿಗೊಳಿಸಿದ್ದರೆ ರಿಕವರಿ ಕೀಲಿಯನ್ನು ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ವಿಂಡೋಸ್ ಚೆನ್ನಾಗಿ ಏಳುತ್ತಿದೆ, ಆಟಗಳೂ ನಡೆಯುತ್ತಿವೆ. ಮತ್ತೇಕೆ ಪರೀಕ್ಷೆ?

ವಿಂಡೋಸ್ ಎದ್ದದ್ದು ಮೆಮೊರಿ ಬಹುಮಟ್ಟಿಗೆ ಸರಿಯಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಮೆಮೊರಿಯ ದೋಷ ಯಾವಾಗಲೂ ನೀಲಿ ಪರದೆಯಾಗಿ ಕಾಣಿಸಿಕೊಳ್ಳುವುದಿಲ್ಲ. ಸಾವಿರಾರು ಕೋಟಿ ಬಿಟ್‌ಗಳಲ್ಲಿ ಒಂದು ಆಗೊಮ್ಮೆ ಈಗೊಮ್ಮೆ ತಪ್ಪಾಗಿ ಓದಿಬಂದರೆ, ಅದು ಖಾಲಿ ಜಾಗದಲ್ಲಿ ಬಿದ್ದಿದ್ದರೆ ಏನೂ ಆಗುವುದಿಲ್ಲ. ಚಿತ್ರವೊಂದರ ನಡುವೆ ಬಿದ್ದಿದ್ದರೆ ಆ ಚಿತ್ರದಲ್ಲಿ ಒಂದು ಪಟ್ಟಿ ಬಣ್ಣಗೆಡುತ್ತದೆ. ಡಿಸ್ಕಿಗೆ ಬರೆಯಲಿದ್ದ ಕಡತದ ಪಟ್ಟಿಯಲ್ಲಿ ಬಿದ್ದಿದ್ದರೆ ಒಂದು ಫೋಲ್ಡರೇ ತೆರೆಯದಂತೆ ಆಗಬಹುದು. ತಪ್ಪಾದ ದತ್ತಾಂಶವೇ ಡಿಸ್ಕಿಗೆ ಹೋಗಿ, ಅಲ್ಲಿಂದ ಬ್ಯಾಕಪ್‌ಗೂ ಹೋಗಿ, ತಿಂಗಳುಗಳ ನಂತರ ಬೇಕಾದಾಗ ಹಾಳಾಗಿರುವುದು ಗೊತ್ತಾಗುತ್ತದೆ. ಸಂಘದ ಸ್ಮರಣ ಸಂಚಿಕೆಯ ಪುಟಗಳನ್ನೋ ಮದುವೆಯ ವಿಡಿಯೋವನ್ನೋ ಮನೆಯ ಕಂಪ್ಯೂಟರಿನಲ್ಲೇ ಸಿದ್ಧಪಡಿಸುವವರು ನಮ್ಮಲ್ಲಿ ಎಷ್ಟೋ ಜನ. ಅಂಥವರಿಗೆ ಆಟ ಅರ್ಧಕ್ಕೆ ನಿಲ್ಲುವುದಕ್ಕಿಂತ ಈ ಮೌನ ಹಾನಿ ಸಾವಿರ ಪಾಲು ಕೆಟ್ಟದ್ದು.

ಆದ್ದರಿಂದ ಪ್ರೊಫೈಲನ್ನು ಚಾಲೂ ಮಾಡಿದ ಮೇಲೆ ವಿಂಡೋಸ್ ಒಳಗೆ ಹೋಗುವುದಕ್ಕೂ ಮೊದಲೇ ಪರೀಕ್ಷಿಸಬೇಕು. ಅಸ್ಥಿರ ಮೆಮೊರಿಯಲ್ಲಿ ವಿಂಡೋಸ್ ನವೀಕರಣ ನಡೆದರೆ ವಿಂಡೋಸೇ ಕೆಡಬಹುದು. ಮೆಮೊರಿಯನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಅಥವಾ ಮುಕ್ತ ತಂತ್ರಾಂಶವಾದ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ. ಮೆಮ್‌ಟೆಸ್ಟ್86ರ ಉಚಿತ ಆವೃತ್ತಿ ನಾಲ್ಕು ಸುತ್ತು ನಡೆಯುತ್ತದೆ, ನಾಲ್ಕೂ ಮುಗಿಯಲಿ. ಮೆಮೊರಿಯ ಗಾತ್ರಕ್ಕೆ ತಕ್ಕಂತೆ ಇದಕ್ಕೆ ಹಲವು ಗಂಟೆಗಳು ಬೇಕಾಗುವುದರಿಂದ ರಾತ್ರಿ ಮಲಗುವ ಮೊದಲು ಆರಂಭಿಸುವುದು ಅನುಕೂಲ. ಪುಣೆಯವರು ಬುಧವಾರ ರಾತ್ರಿ ಆರಂಭಿಸದಿರುವುದು ಲೇಸು, ಅಲ್ಲಿ ದುರಸ್ತಿಗಾಗಿ ಗುರುವಾರ ವಿದ್ಯುತ್ ನಿಲ್ಲಿಸುವ ರೂಢಿ ಇದೆ.

ಇಲ್ಲಿಗೇ ನಿಲ್ಲಿಸಬೇಡಿ. ಮೆಮ್‌ಟೆಸ್ಟ್ ನಡೆಯುವಾಗ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಹುಮಟ್ಟಿಗೆ ತಣ್ಣಗಿರುತ್ತವೆ. ನಿಜವಾದ ಕೆಲಸದಲ್ಲಿ ಕ್ಯಾಬಿನೆಟ್ಟಿನ ಒಳಗೆ ಬಿಸಿ ಏರುತ್ತದೆ, ಕಂಟ್ರೋಲರಿನ ಮೇಲೂ ಹೊರೆ ಬೀಳುತ್ತದೆ. ಅದಕ್ಕಾಗಿ ವಿಂಡೋಸ್ ಒಳಗೆ ಪ್ರೈಮ್95ರ ಬ್ಲೆಂಡ್ ಪರೀಕ್ಷೆಯನ್ನೋ, ಒಸಿಸಿಟಿಯ ಮೆಮೊರಿ ಪರೀಕ್ಷೆಯನ್ನೋ, ಟೆಸ್ಟ್‌ಮೆಮ್5 ಅನ್ನೋ ಎರಡು ಮೂರು ಗಂಟೆ ನಡೆಸಿ. ಮೆಮ್‌ಟೆಸ್ಟಿನಲ್ಲಿ ಒಂದೂ ತಪ್ಪು ತೋರಿಸದ ಮೆಮೊರಿ ಇಲ್ಲಿ ಎಡವುವುದು ಅಪರೂಪವಲ್ಲ. ವಿಂಡೋಸ್ ಜೊತೆಗೆ ಬರುವ ಮೆಮೊರಿ ಡಯಾಗ್ನೋಸ್ಟಿಕ್ ಪೂರ್ತಿ ಕೆಟ್ಟ ಸ್ಟಿಕ್ಕನ್ನು ಹಿಡಿಯುತ್ತದೆ, ಅಂಚಿನಲ್ಲಿರುವುದನ್ನು ಹಿಡಿಯಲು ಅದು ಸಾಲದು.

ರಾತ್ರಿಯಿಡೀ ನಡೆಸಿದ್ದಕ್ಕೆ ಒಂದೇ ಒಂದು ತಪ್ಪು ಬಂದಿದೆ. ಬಿಟ್ಟುಬಿಡಬಹುದೇ?

ಬಿಡಬಾರದು. ಪರೀಕ್ಷೆಯಲ್ಲಿ ಒಪ್ಪಬಹುದಾದ ತಪ್ಪುಗಳ ಸಂಖ್ಯೆ ಸೊನ್ನೆ. ಮೊದಲು ಪ್ರೊಫೈಲನ್ನು ತೆಗೆದು, ಮಾನಕ ವೇಗದಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿ. ಆಗಲೂ ತಪ್ಪು ಬಂದರೆ ಒಂದೊಂದೇ ಸ್ಟಿಕ್ ಹಾಕಿ ನೋಡಿ, ಯಾವುದು ಕೆಟ್ಟಿದೆಯೆಂದು ಗುರುತಿಸಿ ವಾರಂಟಿಗೆ ಕೊಡಿ. ಜೋಡಿಯಾಗಿ ಕೊಂಡದ್ದಾದರೆ ಸಾಮಾನ್ಯವಾಗಿ ಜೋಡಿಯನ್ನೇ ಕೇಳುತ್ತಾರೆ. ಮಾನಕ ವೇಗದಲ್ಲಿ ತಪ್ಪಿಲ್ಲದಿದ್ದರೆ ಸ್ಟಿಕ್ ಆರೋಗ್ಯವಾಗಿದೆ, ಸ್ಟಿಕ್, ಪ್ರೊಸೆಸರ್, ಬೋರ್ಡ್ ಈ ಮೂವರ ಕೂಟಕ್ಕೆ ಆ ವೇಗ ಒಗ್ಗುತ್ತಿಲ್ಲ. ಆಗ ಪ್ರೊಫೈಲನ್ನು ಇಟ್ಟುಕೊಂಡೇ ವೇಗವನ್ನು ಮಾತ್ರ ಒಂದು ಮೆಟ್ಟಿಲು ಇಳಿಸಿ: 3600 ಇದ್ದದ್ದು 3466 ಅಥವಾ 3400, 6000 ಇದ್ದದ್ದು 5800 ಅಥವಾ 5600. ಟೈಮಿಂಗ್‌ಗಳನ್ನೂ ವೋಲ್ಟೇಜನ್ನೂ ಹಾಗೆಯೇ ಬಿಡಿ, ಮತ್ತೆ ಪೂರ್ತಿ ಪರೀಕ್ಷಿಸಿ. ಈ ಒಂದು ಮೆಟ್ಟಿಲಿನ ವ್ಯತ್ಯಾಸ ದಿನನಿತ್ಯದ ಕೆಲಸದಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ವೋಲ್ಟೇಜ್ ಏರಿಸಿ ಹಠದಿಂದ ಪೆಟ್ಟಿಗೆಯ ಅಂಕಿಯನ್ನೇ ಹಿಡಿಯಬೇಕೆಂಬ ಸಲಹೆ ನಿಮಗೆ ಎಲ್ಲೆಡೆ ಸಿಗುತ್ತದೆ. ಮನೆಯ ಏಕೈಕ ಕಂಪ್ಯೂಟರಿನಲ್ಲಿ ಅದನ್ನು ಪಾಲಿಸಬೇಡಿ ಎಂದೇ ನಾವು ಹೇಳುತ್ತೇವೆ.

ಎರಡು ಸ್ಟಿಕ್ ಇವೆ, ಅದೇ ಮಾದರಿಯ ಇನ್ನೆರಡನ್ನು ಕೊಂಡು ನಾಲ್ಕು ಮಾಡಬಹುದೇ?

ಮಾಡಬಹುದು, ಆದರೆ ಪೆಟ್ಟಿಗೆಯ ವೇಗವನ್ನು ನಿರೀಕ್ಷಿಸಬಾರದು. ಕಂಟ್ರೋಲರಿನ ಮೇಲಿನ ಹೊರೆ ಎಷ್ಟು ಹೆಚ್ಚುತ್ತದೆಂದರೆ, ಎರಡು ಸ್ಟಿಕ್‌ಗಳಿಗೆ 5200 ಎನ್ನುವ ಎಎಂಡಿಯೇ ರೈಝೆನ್ 7000ದಲ್ಲಿ ನಾಲ್ಕು ಸ್ಟಿಕ್‌ಗಳಿಗೆ ಕೊಡುವ ಅಧಿಕೃತ ಅಂಕಿ 3600. ಅಷ್ಟೇ ಅಲ್ಲ, ಒಂದೇ ಹೆಸರಿನ, ಒಂದೇ ವೇಗದ ಪೆಟ್ಟಿಗೆಗಳಲ್ಲೂ ತಯಾರಕರು ಕಾಲಕಾಲಕ್ಕೆ ಬೇರೆ ಕಂಪನಿಗಳ ಚಿಪ್‌ಗಳನ್ನು ಬಳಸುತ್ತಾರೆ. ಮೈಕ್ರಾನ್ ಚಿಪ್‌ಗೆ ಬರೆದ ಟೈಮಿಂಗ್ ಹೈನಿಕ್ಸ್ ಚಿಪ್‌ಗೆ ಒಗ್ಗಬೇಕೆಂದಿಲ್ಲ. ಜೋಡಿಯಾಗಿ ಮಾರಿದವು ಜೋಡಿಯಾಗಿ ಪರೀಕ್ಷಿತವಾದವು ಎಂಬುದನ್ನು ನೆನಪಿಡಿ. 32 ಜಿಬಿ ಬೇಕೆಂದರೆ 16ರ ಎರಡು, 64 ಬೇಕೆಂದರೆ 32ರ ಎರಡು ಇರುವ ಒಂದೇ ಪೆಟ್ಟಿಗೆಯನ್ನು ಕೊಳ್ಳಿ, ಹಳೆಯದನ್ನು ಮಾರಿಬಿಡಿ. ಬೋರ್ಡ್ ತಯಾರಕರು ತಮ್ಮ ಜಾಲತಾಣದಲ್ಲಿ ಪರೀಕ್ಷಿತ ಮೆಮೊರಿಗಳ ಕ್ಯುವಿಎಲ್ ಪಟ್ಟಿಯನ್ನು ಇಟ್ಟಿರುತ್ತಾರೆ. ಪೂರ್ಣ ಮಾದರಿ ಸಂಖ್ಯೆಯನ್ನು ಅದರಲ್ಲಿ ಹುಡುಕಿ, ಎಷ್ಟು ಸ್ಟಿಕ್‌ಗಳಿಗೆ ಒಪ್ಪಿಗೆ ಇದೆಯೆಂಬ ಅಂಕಣವನ್ನೂ ಓದಿ.

ನಮ್ಮ ಕರಾವಳಿಯ ಸೆಕೆ, ಉಪ್ಪುಗಾಳಿಗಳಿಂದ ತೊಂದರೆಯೇ?

ಸೆಕೆಯಿಂದ ಖಂಡಿತ ಇದೆ. ಮೆಮೊರಿಯ ಪ್ರತಿಯೊಂದು ಕೋಶವೂ ತೂತುಬಿದ್ದ ಕೊಡದ ಹಾಗೆ. ಅದರಲ್ಲಿ ತುಂಬಿದ ವಿದ್ಯುದಾವೇಶ ಸೋರುತ್ತಲೇ ಇರುತ್ತದೆ, ಮತ್ತೆ ಮತ್ತೆ ತುಂಬಿಸಬೇಕು. ಡಿಡಿಆರ್4ರಲ್ಲಿ 64 ಮಿಲಿಸೆಕೆಂಡಿನೊಳಗೆ, ಡಿಡಿಆರ್5ರಲ್ಲಿ 32 ಮಿಲಿಸೆಕೆಂಡಿನೊಳಗೆ ಎಲ್ಲ ಕೋಶಗಳನ್ನೂ ಒಮ್ಮೆ ತುಂಬಿಸಬೇಕೆಂದು ಮಾನಕ ಹೇಳುತ್ತದೆ, ಮತ್ತು ಚಿಪ್‌ನ ಬಿಸಿ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎರಡು ಪಟ್ಟು ಬೇಗ ತುಂಬಿಸಬೇಕೆನ್ನುತ್ತದೆ, ಏಕೆಂದರೆ ಬಿಸಿಯಲ್ಲಿ ಸೋರಿಕೆ ಹೆಚ್ಚು. ಡಿಡಿಆರ್5ರಲ್ಲಿ ವೋಲ್ಟೇಜನ್ನು ಹೊಂದಿಸುವ ಚಿಪ್ ಕೂಡ ಸ್ಟಿಕ್ಕಿನ ಮೇಲೆಯೇ ಇರುವುದರಿಂದ ಅದರ ಬಿಸಿಯೂ ಅಲ್ಲಿಗೇ ಸೇರುತ್ತದೆ. ಜನವರಿಯ ಪುಣೆಯ ಚಳಿ ರಾತ್ರಿಯಲ್ಲಿ ಯಾವ ತಪ್ಪನ್ನೂ ತೋರಿಸದ ಯಂತ್ರ ಮೇ ತಿಂಗಳ ಮಧ್ಯಾಹ್ನ, ಗೋಡೆಗೆ ಒತ್ತಿದ ಮೇಜಿನ ಕೆಳಗೆ ಎಡವಬಹುದು. ಡಿಡಿಆರ್5 ಸ್ಟಿಕ್‌ಗಳ ಒಳಗೆ ಉಷ್ಣಮಾಪಕ ಇರುತ್ತದೆ. ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಅದನ್ನು ಓದಬಹುದು. ಹೊರೆಯಲ್ಲಿರುವಾಗ 55, 60ರ ಆಸುಪಾಸಿನಲ್ಲಿ ಇದ್ದರೆ ನೆಮ್ಮದಿ; ಅದಕ್ಕಿಂತ ಬಹಳ ಮೇಲಿದ್ದರೆ ಕ್ಯಾಬಿನೆಟ್ಟಿನ ಗಾಳಿಯ ಹಾದಿಯನ್ನು ಸರಿಪಡಿಸಿ.

ಉಪ್ಪುಗಾಳಿ ಮತ್ತು ಮಳೆಗಾಲದ ತೇವದ ಸಂಗತಿ ಬೇರೆ. ಸ್ಟಿಕ್ಕಿನ ಚಿನ್ನದ ಲೇಪದ ಹಲ್ಲುಗಳ ಮೇಲೆ ಕಲೆ ಕೂತರೆ ಸಂಪರ್ಕ ಕೆಡುತ್ತದೆ, ಮತ್ತು ಹೆಚ್ಚಿನ ವೇಗದಲ್ಲಿ ಅದು ಬೇಗ ಎದ್ದು ಕಾಣುತ್ತದೆ. ಗೋವೆಯ ಸಮುದ್ರ ತೀರದ ಮನೆಗಳಲ್ಲಿ ವರ್ಷಗಟ್ಟಲೆ ಚೆನ್ನಾಗಿದ್ದ ಯಂತ್ರ ತಪ್ಪು ತೋರಿಸತೊಡಗಿದರೆ, ಮೊದಲು ವಿದ್ಯುತ್ ತಂತಿಯನ್ನು ತೆಗೆದು ಸ್ಟಿಕ್‌ಗಳನ್ನು ಹೊರತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ ನೋಡಿ. ಅಂಗಡಿಗಳಲ್ಲಿ ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿ ಇದೆ. ಅದು ಲೇಪವನ್ನು ಸವೆಸುತ್ತದೆ, ಪುಡಿಯನ್ನೂ ಬಿಡುತ್ತದೆ. ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಮೆಲ್ಲಗೆ ಒರೆಸುವುದು ಸರಿಯಾದ ವಿಧಾನ.

ಡಿಡಿಆರ್5ರಲ್ಲಿ ಇಸಿಸಿ ಇದೆಯಂತೆ. ಹಾಗಾದರೆ ತಪ್ಪುಗಳು ತಾವಾಗಿಯೇ ಸರಿಹೋಗುವುದಿಲ್ಲವೇ?

ಇಸಿಸಿ ಎಂದರೆ ತಪ್ಪುಗಳನ್ನು ತಿದ್ದುವ ವ್ಯವಸ್ಥೆ. ಡಿಡಿಆರ್5ರಲ್ಲಿರುವುದು ಚಿಪ್‌ನ ಒಳಗಿನ ತಪ್ಪುಗಳನ್ನು ಮಾತ್ರ ತಿದ್ದುತ್ತದೆ. ಚಿಪ್‌ನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆಗುವ ತಪ್ಪು ಅದಕ್ಕೆ ಕಾಣುವುದಿಲ್ಲ, ಮತ್ತು ವೇಗ ಹೆಚ್ಚಿಸಿದಾಗ ತಪ್ಪುಗಳಾಗುವುದು ಹೆಚ್ಚಾಗಿ ಆ ದಾರಿಯಲ್ಲೇ. ಸರ್ವರ್‌ಗಳಲ್ಲಿ ಬಳಸುವ ಪೂರ್ಣ ಇಸಿಸಿ ಮೆಮೊರಿ ಬೇರೆಯದು. ಗೂಗಲ್‌ನ ಸರ್ವರ್‌ಗಳ ಮೇಲೆ ಟೊರೊಂಟೊ ವಿಶ್ವವಿದ್ಯಾಲಯದ ಸಹಯೋಗದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇ. 8ಕ್ಕೂ ಹೆಚ್ಚು ಸ್ಟಿಕ್‌ಗಳು ಕನಿಷ್ಠ ಒಂದು ತಿದ್ದಬಹುದಾದ ತಪ್ಪನ್ನಾದರೂ ತೋರಿಸಿದ್ದವು. ಓವರ್‌ಕ್ಲಾಕ್ ಇಲ್ಲದ ಸರ್ವರ್‌ಗಳ ಕಥೆಯೇ ಹೀಗಿರುವಾಗ, ಅಂಥ ಪೂರ್ಣ ಇಸಿಸಿ ಇಲ್ಲದ ಮನೆಯ ಯಂತ್ರವನ್ನು ಅದರ ಅಂಚಿಗೆ ತಂದು ನಿಲ್ಲಿಸುವವರು ಪರೀಕ್ಷೆಯನ್ನು ತಪ್ಪಿಸಬಾರದು.

ಇಷ್ಟೆಲ್ಲ ಮಾಡಿದ್ದಕ್ಕೆ ಲಾಭ ಎಷ್ಟು?

ಕೆಲಸದ ಮೇಲೆ ನಿಂತಿದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ರೈಝೆನ್ ಜಿ ಸರಣಿಯ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸನ್ನೇ ನೆಚ್ಚಿಕೊಂಡವರಿಗೆ ಲಾಭ ಬಹಳ, ಏಕೆಂದರೆ ಅದು ಇದೇ ಮೆಮೊರಿಯನ್ನು ಹಂಚಿಕೊಳ್ಳುತ್ತದೆ. ಆಟಗಳಲ್ಲಿ ಕಣ್ಣಿಗೆ ಕಾಣುವಷ್ಟು ಇರಬಹುದು. ಬರವಣಿಗೆ, ಬ್ಯಾಂಕ್ ವ್ಯವಹಾರ, ವಿಡಿಯೋ ನೋಡುವುದು ಇಷ್ಟಕ್ಕೇ ಯಂತ್ರವಿದ್ದರೆ ಏನೂ ತಿಳಿಯುವುದಿಲ್ಲ. ಕೊಳ್ಳುವಾಗ ಅಂಕಿಯನ್ನು ಮಾತ್ರ ನೋಡದೆ ಸಿಎಲ್ ಅಂಕಿಯನ್ನೂ (ಕೇಳಿದ ದತ್ತಾಂಶ ಬರಲು ಕಾಯಬೇಕಾದ ಗಡಿಯಾರದ ಬಡಿತಗಳ ಸಂಖ್ಯೆಯನ್ನೂ) ನೋಡಿ: ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ವಿಳಂಬ ನ್ಯಾನೊಸೆಕೆಂಡಿನಲ್ಲಿ ಸಿಗುತ್ತದೆ. 3200 ಸಿಎಲ್16, 3600 ಸಿಎಲ್18, 6000 ಸಿಎಲ್30 ಮೂರಕ್ಕೂ ಅದು 10. 6000 ಸಿಎಲ್36ಕ್ಕೆ 12.

ನಮ್ಮದು ಡೊಂಬಿವಲಿಯಲ್ಲಿ ಉಡುಪಿ ಹೋಟೆಲ್. ಬಿಲ್ಲಿಂಗ್ ಮತ್ತು ಲೆಕ್ಕದ ಕಂಪ್ಯೂಟರಿಗೂ ಇದನ್ನು ಮಾಡಬೇಕೇ?

ಬೇಡ. ಲೆಕ್ಕಪತ್ರ, ಜಿಎಸ್‌ಟಿ ದಾಖಲೆ, ನೌಕರರ ಸಂಬಳದ ಕಡತಗಳಿರುವ ಯಂತ್ರಕ್ಕೆ ವೇಗದಿಂದ ಬರುವುದು ಏನೂ ಇಲ್ಲ, ಹೋಗುವುದು ಬಹಳ ಇದೆ. ಮಾನಕ ವೇಗದಲ್ಲೇ ಬಿಡಿ. ಹೊಸದನ್ನು ಕೊಳ್ಳುವವರಿಗೆ ಇನ್ನೂ ಒಳ್ಳೆಯ ದಾರಿ ಇದೆ, ಅದನ್ನು ಅಂಗಡಿಗಳಲ್ಲಿ ಯಾರೂ ಹೇಳುವುದಿಲ್ಲ: ಯಾವ ಪ್ರೊಫೈಲೂ ಇಲ್ಲದೆ ಮಾನಕ ವೋಲ್ಟೇಜಿನಲ್ಲೇ ಡಿಡಿಆರ್4ರಲ್ಲಿ 3200, ಡಿಡಿಆರ್5ರಲ್ಲಿ 5600 ಓಡುವ ಸಾದಾ ಹಸಿರು ಸ್ಟಿಕ್‌ಗಳು ಸಿಗುತ್ತವೆ. ಸಿಎಲ್22 ಹಾಗೂ 1.2 ವೋಲ್ಟ್, ಅಥವಾ ಸಿಎಲ್46 ಹಾಗೂ 1.1 ವೋಲ್ಟ್ ಎಂದು ಬರೆದಿದ್ದರೆ ಅದು ಅಂಥದ್ದು. ಥಳಥಳಿಸುವ ಕವಚವೂ ದೀಪವೂ ಅವಕ್ಕಿಲ್ಲ. ಹಾಕಿದ ಕೂಡಲೇ, ಪ್ರೊಸೆಸರಿನ ಅಧಿಕೃತ ಮಿತಿ ಅಲ್ಲಿಯವರೆಗೆ ಇದ್ದರೆ, ಬರೆದ ವೇಗದಲ್ಲೇ ಏಳುತ್ತವೆ.

ಒಮ್ಮೆ ಪರೀಕ್ಷೆ ಮುಗಿದರೆ ಮತ್ತೆ ನೋಡಬೇಕಾಗಿಲ್ಲವೇ?

ಬಯೋಸ್ ನವೀಕರಿಸಿದಾಗ ಪ್ರೊಫೈಲ್ ಸಾಮಾನ್ಯವಾಗಿ ಅಳಿಸಿಹೋಗುತ್ತದೆ; ಮತ್ತೆ ಆರಿಸಿ ಮತ್ತೆ ಪರೀಕ್ಷಿಸಬೇಕು, ಏಕೆಂದರೆ ಹೊಸ ಬಯೋಸ್ ಮೆಮೊರಿಯನ್ನು ಬೇರೆ ರೀತಿಯಲ್ಲಿ ತರಬೇತುಗೊಳಿಸಬಹುದು. ಪ್ರೊಸೆಸರ್, ಬೋರ್ಡ್, ಸ್ಟಿಕ್‌ಗಳಲ್ಲಿ ಒಂದನ್ನು ಬದಲಿಸಿದಾಗಲೂ ಹಾಗೆಯೇ. ಯಾವ ಬದಲಾವಣೆಯೂ ಇಲ್ಲದೆ ಝಿಪ್ ಕಡತಗಳು ಬಿಚ್ಚಿಕೊಳ್ಳದಿರುವುದು, ಡೌನ್‌ಲೋಡ್ ಮಾಡಿದ ಆಟ ಪದೇ ಪದೇ ಕೆಟ್ಟಿದೆ ಎನ್ನುವುದು, ಬ್ರೌಸರಿನ ಟ್ಯಾಬ್‌ಗಳು ತಾವಾಗಿ ಮುಚ್ಚಿಹೋಗುವುದು ಆರಂಭವಾದರೆ ಬೇರೆ ಕಾರಣಗಳನ್ನು ಹುಡುಕುವ ಮೊದಲು ಪ್ರೊಫೈಲನ್ನು ತೆಗೆದು ಒಂದು ವಾರ ನೋಡಿ. ಇವು ಯಾವುವೂ ಇಲ್ಲದಿದ್ದರೂ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ, ಫ್ಯಾನ್‌ಗಳ ಧೂಳು ತೆಗೆದ ಮೇಲೆ, ವರ್ಷಕ್ಕೊಮ್ಮೆ ಒಂದು ರಾತ್ರಿ ಮೆಮ್‌ಟೆಸ್ಟಿಗೆ ಬಿಡಿ.